ವಾರಕ್ಕೊಮ್ಮೆ ಬೇಕಾದ ಚಿಕಿತ್ಸೆ ನೂರು ಕಿಲೋಮೀಟರ್ ದೂರದಲ್ಲಿದ್ದರೆ?

ನಮ್ಮ ಮನೆಗಳಲ್ಲಿರುವ ಇಬ್ಬರ ಬಗ್ಗೆ ನಾವು ಹೊರಗಿನವರೊಡನೆ ಹೆಚ್ಚಾಗಿ ಮಾತಾಡುವುದಿಲ್ಲ. ಒಬ್ಬರು ಲಕ್ವ ಹೊಡೆದು ಮಂಚ ಹಿಡಿದಿರುವ ಹಿರಿಯರು. ಇನ್ನೊಬ್ಬರು ವಯಸ್ಸಿಗೆ ತಕ್ಕಂತೆ ಕುಳಿತುಕೊಳ್ಳದ, ತುತ್ತನ್ನು ಬಾಯಿಗೆ ಒಯ್ಯಲಾರದ, ಹೆಸರು ಹಿಡಿದು ಕರೆದರೂ ತಿರುಗಿ ನೋಡದ ಮಗು. ಇವರ ಆರೈಕೆಯಲ್ಲೇ ಮನೆಯ ಹೆಣ್ಣುಮಕ್ಕಳ ದಿನಗಳು ಸವೆಯುತ್ತವೆ. ವೈದ್ಯರು ಜೀವ ಉಳಿಸಿದ್ದಾರೆ, ಕಾಯಿಲೆಯ ಹೆಸರು ಹೇಳಿದ್ದಾರೆ, ಔಷಧಿ ಬರೆದುಕೊಟ್ಟಿದ್ದಾರೆ. ಆದರೆ ಮರುದಿನ ಬೆಳಿಗ್ಗೆ ಆ ಹಿರಿಯರಿಗೆ ಅಂಗಿ ತೊಡಿಸುವುದು ಹೇಗೆ, ಶೌಚಾಲಯಕ್ಕೆ ಕರೆದೊಯ್ಯುವುದು ಹೇಗೆ, ಆ ಮಗುವನ್ನು ಶಾಲೆಯ ಬೆಂಚಿನ ಮೇಲೆ ಕೂರಿಸುವುದು ಹೇಗೆ ಎಂಬುದನ್ನು ಹೇಳಿಕೊಟ್ಟವರು ಯಾರೂ ಇಲ್ಲ.

ಇದನ್ನು ಹೇಳಿಕೊಡುವುದನ್ನೇ ವೃತ್ತಿಯಾಗಿ ಕಲಿತ ತಜ್ಞರಿದ್ದಾರೆ. ಅವರಿಗೆ ಆಕ್ಯುಪೇಶನಲ್ ಥೆರಪಿಸ್ಟ್ ಎನ್ನುತ್ತಾರೆ. ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಒಂದು ಕುಟುಂಬ ಇಂಥ ತಜ್ಞರನ್ನು ಹುಡುಕಿ ಹೊರಟರೆ ಅದರ ಪಾಡೇನು? ಈ ಪ್ರಶ್ನೆಯನ್ನು ನಾವು ಇಂದು ಓದುಗರ ಮುಂದೆ ಇಡಬಯಸುತ್ತೇವೆ. ಇದು ಕೆಲವೇ ಮನೆಗಳ ಖಾಸಗಿ ಕಷ್ಟವೆಂದು ತಳ್ಳಿಹಾಕುವಂತಿಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13.24 ಲಕ್ಷ ಮಂದಿ ವಿಕಲಚೇತನರಿದ್ದರು. ಅದು ಹಳೆಯ ಕಾನೂನಿನ ಕಾಲದ ಎಣಿಕೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಏಳು ವಿಧದ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ವಿಸ್ತರಿಸಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಪಾರ್ಕಿನ್ಸನ್ ಕಾಯಿಲೆಗಳನ್ನು ಸ್ಪಷ್ಟವಾಗಿ ಹೆಸರಿಸಿತು.

ಮೊದಲ ಅಡಚಣೆ ಹೆಸರಿನದ್ದು. ಆಕ್ಯುಪೇಶನ್ ಎಂದರೆ ಉದ್ಯೋಗ ಎಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಹಾಗಾಗಿ ಇದು ನೌಕರಿ ಕೊಡಿಸುವ ಯಾವುದೋ ತರಬೇತಿಯೆಂದು ಹಲವರು ಭಾವಿಸುತ್ತಾರೆ. ವೈದ್ಯರು ಚೀಟಿಯಲ್ಲಿ ‘ಓ.ಟಿ.’ ಎಂದು ಬರೆದರಂತೂ ಮನೆಯವರು ಆಪರೇಷನ್ ಥಿಯೇಟರ್ ಎಂದು ತಿಳಿದು ಬೆಚ್ಚಿಬೀಳುತ್ತಾರೆ. ಇಲ್ಲಿ ಆ ಪದದ ಅರ್ಥ ಬಹಳ ವಿಶಾಲವಾದುದು. ಮನುಷ್ಯನೊಬ್ಬ ಬೆಳಿಗ್ಗೆ ಎದ್ದು ರಾತ್ರಿ ಮಲಗುವವರೆಗೆ ಯಾವ ಯಾವ ಕೆಲಸಗಳಲ್ಲಿ ತೊಡಗುತ್ತಾನೋ ಅವೆಲ್ಲವೂ ಆಕ್ಯುಪೇಶನ್. ಸ್ನಾನ, ಊಟ, ಉಡುಗೆ, ಓದು, ಬರಹ, ಆಟ, ಅಡುಗೆ, ದುಡಿಮೆ, ಆರಾಧನೆ ಎಲ್ಲವೂ ಅದರಲ್ಲಿ ಸೇರುತ್ತವೆ. ಕಾಯಿಲೆ, ಅಪಘಾತ ಅಥವಾ ಹುಟ್ಟಿನಿಂದ ಬಂದ ಕೊರತೆಯಿಂದಾಗಿ ಇವುಗಳಲ್ಲಿ ಯಾವುದು ಸಾಧ್ಯವಾಗುತ್ತಿಲ್ಲವೋ ಅದನ್ನು ಮತ್ತೆ ಸಾಧ್ಯವಾಗಿಸುವ ಪ್ರಯತ್ನವೇ ಈ ಚಿಕಿತ್ಸೆ.

ಇದು ನಮ್ಮ ದೇಶಕ್ಕೆ ಹೊಸತೇನೂ ಅಲ್ಲ. ಅಮೆರಿಕದಲ್ಲಿ ಹುಟ್ಟಿ ಭಾರತೀಯರನ್ನು ವಿವಾಹವಾಗಿ ಇಲ್ಲಿಯವರೇ ಆಗಿಹೋದ ಕಮಲಾ ನಿಂಬಕರ್ ಅವರು 1950ರಲ್ಲಿ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಿಕ್ಷಣಕ್ಕೆ ನಾಂದಿ ಹಾಡಿದರು. 1952ರಲ್ಲಿ ಈ ತಜ್ಞರ ಅಖಿಲ ಭಾರತ ಸಂಘ ಸ್ಥಾಪನೆಯಾಯಿತು. ಅದೇ ವರ್ಷ ಹುಟ್ಟಿಕೊಂಡ ಜಾಗತಿಕ ಒಕ್ಕೂಟದ ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು. ಕರ್ನಾಟಕದಲ್ಲಿ ಮಣಿಪಾಲದಲ್ಲಿ ಇದರ ಪದವಿ ಶಿಕ್ಷಣವಿದೆ. ಎಪ್ಪತ್ತು ವರ್ಷಗಳಿಗಿಂತ ಹಳೆಯದಾದ ಒಂದು ವೈದ್ಯಕೀಯ ವೃತ್ತಿಯ ಹೆಸರನ್ನು, ಅದು ಮೊದಲು ಬೇರುಬಿಟ್ಟ ಮುಂಬೈಗೆ ಹೋಗುವ ಹೆದ್ದಾರಿಯ ಮೇಲೆಯೇ ಇರುವ ನಿಪ್ಪಾಣಿಯಲ್ಲಿ ಇಂದಿಗೂ ಬಿಡಿಸಿ ಹೇಳಬೇಕಾಗಿದೆ ಎಂಬುದು ವಿಪರ್ಯಾಸವಲ್ಲವೇ?

ಫಿಸಿಯೋಥೆರಪಿಯೂ ಇದೂ ಒಂದೇ ಅಲ್ಲವೇ ಎಂಬ ಪ್ರಶ್ನೆ ಸಹಜ. ಎರಡೂ ಅಕ್ಕಪಕ್ಕದ ವೃತ್ತಿಗಳು, ಅನೇಕ ರೋಗಿಗಳಿಗೆ ಎರಡೂ ಬೇಕು. ಫಿಸಿಯೋಥೆರಪಿಯ ಮುಖ್ಯ ಗಮನ ಸ್ನಾಯುವಿನ ಬಲ, ಕೀಲಿನ ಚಲನೆ, ನೋವು ಮತ್ತು ನಡಿಗೆಯ ಮೇಲಿರುತ್ತದೆ. ಆಕ್ಯುಪೇಶನಲ್ ಥೆರಪಿಯ ಗಮನ ಆ ಬಲದಿಂದ ನೆರವೇರಬೇಕಾದ ಕೆಲಸದ ಮೇಲಿರುತ್ತದೆ. ಕೈ ಮೇಲೇಳುವಂತಾಯಿತು, ಸಂತೋಷ. ಆದರೆ ಅದೇ ಕೈ ರೊಟ್ಟಿ ಮುರಿದು, ಪಲ್ಯದಲ್ಲಿ ಅದ್ದಿ, ಬಾಯಿಗೆ ಒಯ್ಯಬೇಕಲ್ಲ? ಗುಂಡಿ ಹಾಕಬೇಕಲ್ಲ? ಪೆನ್ಸಿಲ್ ಹಿಡಿಯಬೇಕಲ್ಲ? ನಮ್ಮ ತಾಲೂಕು ಕೇಂದ್ರಗಳ ಪೇಟೆಯಲ್ಲಿ ಫಿಸಿಯೋಥೆರಪಿಯ ಫಲಕಗಳು ಈಗ ಕಾಣಸಿಗುತ್ತವೆ. ಅದರ ಮುಂದಿನ ಈ ಹೆಜ್ಜೆಗೆ ಸಂಬಂಧಿಸಿದ ಫಲಕ ಮಾತ್ರ ತೀರಾ ಅಪರೂಪ.

ಈ ಚಿಕಿತ್ಸೆಯಲ್ಲಿ ದೊಡ್ಡ ಯಂತ್ರಗಳಿಗಿಂತ ತಿಳಿವಳಿಕೆಯ ಪಾಲೇ ಹೆಚ್ಚು. ಉದಾಹರಣೆಗೆ, ಲಕ್ವ ಹೊಡೆದವರಿಗೆ ಅಂಗಿ ತೊಡಿಸುವಾಗ ಸ್ವಾಧೀನವಿಲ್ಲದ ಕೈಗೆ ಮೊದಲು ತೋಳು ಏರಿಸಬೇಕು, ಕಳಚುವಾಗ ಆ ಕೈಯ ತೋಳನ್ನು ಕೊನೆಗೆ ತೆಗೆಯಬೇಕು. ಸ್ವಾಧೀನವಿಲ್ಲದ ಕೈಯನ್ನು ಹಿಡಿದೆಳೆದು ಅವರನ್ನು ಎಬ್ಬಿಸಲೇಬಾರದು, ಭುಜದ ಕೀಲು ಜಾರುವ ಅಪಾಯವಿದೆ. ಹಿಡಿತ ಕಡಿಮೆಯಿರುವ ಮಗುವಿನ ಚಮಚದ ಹಿಡಿಕೆಗೆ ಬಟ್ಟೆ ಅಥವಾ ಸೈಕಲ್ ಟ್ಯೂಬಿನ ತುಂಡು ಸುತ್ತಿ ದಪ್ಪ ಮಾಡಿದರೆ ಹಿಡಿಯುವುದು ಸುಲಭವಾಗುತ್ತದೆ. ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ತಟ್ಟೆ ಜಾರುವುದಿಲ್ಲ. ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿಕೊಂಡು ಚೀರುವ, ಹೊಸ ಬಟ್ಟೆ ತೊಡಿಸಿದರೆ ರಂಪ ಮಾಡುವ ಆಟಿಸಂ ಮಗು ಹಠಮಾರಿಯಲ್ಲ, ಅದರ ಇಂದ್ರಿಯಗಳು ಆ ಸದ್ದನ್ನೂ ಸ್ಪರ್ಶವನ್ನೂ ಬೇರೆಯೇ ರೀತಿಯಲ್ಲಿ ಗ್ರಹಿಸುತ್ತವೆ. ಹೊಡೆತದಿಂದ ಅದು ಸರಿಹೋಗುವುದಿಲ್ಲ. ಮುಂದೆ ಏನು ನಡೆಯಲಿದೆ ಎಂಬುದನ್ನು ಚಿತ್ರಗಳ ಮೂಲಕ ಮೊದಲೇ ತಿಳಿಸಿ ನಿಧಾನವಾಗಿ ಒಗ್ಗಿಸಬೇಕಾಗುತ್ತದೆ.

ಇವೆಲ್ಲ ಬಿಡಿ ಸಲಹೆಗಳಷ್ಟೇ. ಯಾವ ಮಗುವಿಗೆ ಯಾವ ಆಸನ, ಯಾವ ಕೈಗೆ ಯಾವ ಸ್ಪ್ಲಿಂಟ್, ಯಾವ ವಾರ ಯಾವ ಅಭ್ಯಾಸ ಎಂಬುದನ್ನು ತಜ್ಞರು ವ್ಯಕ್ತಿಯನ್ನು ಪರೀಕ್ಷಿಸಿಯೇ ನಿರ್ಧರಿಸಬೇಕು. ಮುಂದಿನ ವಾರ ಏನು ಬದಲಾಯಿತೆಂದು ನೋಡಿ ಅಭ್ಯಾಸವನ್ನು ತಿದ್ದಬೇಕು. ಇಲ್ಲಿಯೇ ದೂರದ ಪ್ರಶ್ನೆ ಎದುರಾಗುತ್ತದೆ. ನಮ್ಮ ಪ್ರಕಾರ ಇಡೀ ಸಮಸ್ಯೆಯ ತಿರುಳು ಇದುವೇ.

ಹೃದಯದ ಶಸ್ತ್ರಚಿಕಿತ್ಸೆಗಾಗಿ ನಾವು ಬೆಂಗಳೂರಿಗೂ ಹೋಗುತ್ತೇವೆ, ಮುಂಬೈಗೂ ಹೋಗುತ್ತೇವೆ. ಅದು ಜೀವಮಾನದಲ್ಲಿ ಒಮ್ಮೆಯೋ ಎರಡು ಬಾರಿಯೋ ನಡೆಯುವಂಥದ್ದು. ಸಾಲ ಮಾಡಿಯಾದರೂ ಹೋಗಿ ಬರುತ್ತೇವೆ. ಆದರೆ ವಾರಕ್ಕೊಮ್ಮೆ, ಎರಡು ಬಾರಿ, ತಿಂಗಳುಗಟ್ಟಲೆ, ಮಗುವಿನ ವಿಷಯದಲ್ಲಿ ವರ್ಷಗಟ್ಟಲೆ ನಡೆಯಬೇಕಾದ ಚಿಕಿತ್ಸೆ ದೂರದಲ್ಲಿದ್ದರೆ ಅದು ಇಲ್ಲದಿರುವುದಕ್ಕೆ ಸಮ. ಅಥಣಿಯಿಂದ ಬೆಳಗಾವಿಗೆ ನೂರು ಕಿಲೋಮೀಟರಿಗೂ ಹೆಚ್ಚಿನ ಹಾದಿ. ರಾಜ್ಯ ಸಾರಿಗೆಯ ವಿಕಲಚೇತನರ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಗೆ ಸೀಮಿತ. ಅಂದರೆ ಅಥಣಿಯ ವಿಕಲಚೇತನನೊಬ್ಬನಿಗೆ ತನ್ನದೇ ಜಿಲ್ಲೆಯ ಕೇಂದ್ರವು ಆ ಪಾಸಿನ ಆಚೆಗಿದೆ! 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ತಾಯಿಯ ಬಸ್ ಟಿಕೆಟಿನ ಹಣ ಉಳಿಯುವುದು ನಿಜ. ಆದರೆ ಆಕೆಯ ಒಂದು ದಿನದ ದುಡಿಮೆ ಉಳಿಯುವುದಿಲ್ಲ. ನಿಪ್ಪಾಣಿಯಲ್ಲಿ ಬೀಡಿ ಸುತ್ತುವ ಹೆಣ್ಣುಮಗಳಿಗೆ ಕೂಲಿ ಸಿಗುವುದು ಸಾವಿರ ಬೀಡಿಯ ಲೆಕ್ಕದಲ್ಲಿ. ಬಸ್ಸಿನಲ್ಲಿ ಕಳೆದ ದಿನಕ್ಕೆ ಕೂಲಿಯಿಲ್ಲ. ಮನೆಯಲ್ಲಿ ಉಳಿದ ಮಕ್ಕಳನ್ನು ನೋಡಿಕೊಳ್ಳುವವರೂ ಬೇಕು. ಎರಡು ವಾರ ಹೋಗುತ್ತಾಳೆ, ಮೂರನೆಯ ವಾರ ತಪ್ಪುತ್ತದೆ, ಎರಡನೆಯ ತಿಂಗಳಲ್ಲಿ ನಿಂತೇ ಹೋಗುತ್ತದೆ. ಆಗ ನಾವು ‘ಥೆರಪಿಯಿಂದ ಏನೂ ಆಗಲಿಲ್ಲ’ ಎನ್ನುತ್ತೇವೆ. ಚಿಕಿತ್ಸೆ ಸೋತಿತೇ, ಅಥವಾ ದಾರಿ ಸೋಲಿಸಿತೇ?

ಈ ಭಾಗದ ಜನ ರೂಢಿಯಂತೆ ಗಡಿಯಾಚೆಗೆ ಮುಖ ಮಾಡುತ್ತಾರೆ. ಕಾಗವಾಡದವರಿಗೆ ಮಿರಜ್ ತೀರಾ ಹತ್ತಿರ. 1894ರಲ್ಲಿ ಆರಂಭವಾದ ಮಿಶನ್ ಆಸ್ಪತ್ರೆಯ ಕಾಲದಿಂದಲೂ ಮಿರಜ್ ಈ ಸೀಮೆಯ ವೈದ್ಯಕೀಯ ರಾಜಧಾನಿಯೆನಿಸಿದೆ. ರಾಯಬಾಗ, ಕುಡಚಿಯವರು ರೈಲಿನಲ್ಲಿ ಅಲ್ಲಿಗೆ ಹೋಗುತ್ತಾರೆ. ನಿಪ್ಪಾಣಿಯವರಿಗೆ ಬೆಳಗಾವಿಗಿಂತ ಕೊಲ್ಹಾಪುರ ಸಮೀಪ. ಸಮೀಪದಲ್ಲಿ ಸಿಗುವ ನೆರವನ್ನು ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ ಗಡಿ ದಾಟಿದೊಡನೆ ನಮ್ಮ ರಾಜ್ಯದ ಶಾಲೆ, ಅಂಗನವಾಡಿ, ಪಂಚಾಯತ್ ವ್ಯವಸ್ಥೆಯೊಂದಿಗಿನ ಕೊಂಡಿ ಕಳಚುತ್ತದೆ. ಭಾಷೆಯ ತೊಡಕೂ ಇದೆ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಅಥವಾ ಮರಾಠಿ, ಚಿಕಿತ್ಸೆಯ ಹಾಳೆ ಇಂಗ್ಲಿಷಿನಲ್ಲಿ. ಈಗಾಗಲೇ ಮಾತು ತಡವಾದ ಮಗುವಿಗೂ, ಮನೆಯಲ್ಲಿ ಅಭ್ಯಾಸ ಮಾಡಿಸಬೇಕಾದ ತಾಯಿಗೂ ಇದು ಸಣ್ಣ ತೊಡಕಲ್ಲ. ಈ ಚಿಕಿತ್ಸೆಯ ಬಹುಪಾಲು ನಡೆಯುವುದು ಮನೆಯಲ್ಲೇ. ಆದ್ದರಿಂದ ತಾಯಿಗೆ ಅರ್ಥವಾಗದ ಸೂಚನೆಗೆ ಬೆಲೆಯಿಲ್ಲ.

ಹಾಗಾದರೆ ಈಗಿರುವ ಸ್ಥಿತಿಯಲ್ಲಿ ಒಂದು ಕುಟುಂಬ ಏನು ಮಾಡಬೇಕು? ಕೈಕಟ್ಟಿ ಕೂರುವಂತಿಲ್ಲ. ತಟ್ಟಬಹುದಾದ ಕೆಲವು ಬಾಗಿಲುಗಳಿವೆ.

ಮೊದಲನೆಯದಾಗಿ, ಕಾಯಬಾರದು. ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದ, ಒಂದೂವರೆ ವರ್ಷವಾದರೂ ನಡೆಯದ, ವರ್ಷ ತುಂಬಿದರೂ ಹೆಸರಿಗೆ ಓಗೊಡದ, ವರ್ಷ ತುಂಬುವ ಮೊದಲೇ ಒಂದು ಕೈಯನ್ನಷ್ಟೇ ಬಳಸುವ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಬೇಕು. ‘ಅವರಪ್ಪನೂ ತಡವಾಗಿಯೇ ನಡೆದದ್ದು’ ಎಂಬ ಹಿರಿಯರ ಸಮಾಧಾನ ಪ್ರೀತಿಯಿಂದ ಬಂದದ್ದೇ ಇರಬಹುದು. ಆದರೆ ಮಿದುಳು ಅತ್ಯಂತ ವೇಗವಾಗಿ ಬೆಳೆಯುವ ಮೊದಲ ವರ್ಷಗಳು ಆ ಸಮಾಧಾನದಲ್ಲೇ ಕಳೆದುಹೋಗುತ್ತವೆ. ವೈದ್ಯರಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಕೇಳಬೇಕು: “ಆಕ್ಯುಪೇಶನಲ್ ಥೆರಪಿಯ ಅಗತ್ಯವಿದೆಯೇ? ಇದ್ದರೆ ಪೂರ್ತಿ ಹೆಸರಿನಲ್ಲಿ ಬರೆದುಕೊಡಿ.” ಹೆಸರಿಟ್ಟು ಕೇಳದಿದ್ದರೆ ಚೀಟಿಯಲ್ಲಿ ಬರುವುದು ಟಾನಿಕ್ ಮಾತ್ರ.

ಎರಡನೆಯದಾಗಿ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವನ್ನು ಬಳಸಿಕೊಳ್ಳಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ ಮತ್ತು ಸರಕಾರಿ, ಅನುದಾನಿತ ಶಾಲೆಗಳಲ್ಲಿ ತಪಾಸಣೆ ಮಾಡುವ ಸಂಚಾರಿ ವೈದ್ಯಕೀಯ ತಂಡಗಳು ಈ ಯೋಜನೆಯಡಿ ತಾಲೂಕು ಮಟ್ಟದಲ್ಲಿವೆ. ತೊಂದರೆ ಕಂಡ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಪ್ರವೇಶ ಕೇಂದ್ರಕ್ಕೆ ಕಳುಹಿಸುವುದು ಇದರ ಕ್ರಮ. ತಂಡ ಬರುವ ದಿನ ಮಗುವನ್ನು ನೆಂಟರ ಮನೆಗೆ ಕಳುಹಿಸಿ ಬಚ್ಚಿಡುವ ಪೋಷಕರೂ ನಮ್ಮಲ್ಲಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆಯಲ್ಲಿ ಆ ದಿನಾಂಕವನ್ನು ಮುಂಚಿತವಾಗಿ ವಿಚಾರಿಸಿ, ನೀವೇ ಮಗುವನ್ನು ಮುಂದೆ ತನ್ನಿ.

ಮೂರನೆಯದಾಗಿ, ಶಾಲಾ ಶಿಕ್ಷಣ ಇಲಾಖೆ. 2016ರ ಕಾಯ್ದೆಯು ನಿಗದಿತ ಪ್ರಮಾಣದ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಸಮೀಪದ ಶಾಲೆಯಲ್ಲಿ ಅಥವಾ ಅವರ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು ನೀಡಿದೆ. ಸಮಗ್ರ ಶಿಕ್ಷಣ ಯೋಜನೆಯಡಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರು, ಶಾಲಾ ಸಿದ್ಧತಾ ಕೇಂದ್ರ, ಶಾಲೆಗೆ ಬರಲಾಗದವರಿಗೆ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆಯಿದೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಇದನ್ನು ವಿಚಾರಿಸಬೇಕು. ಥೆರಪಿಗಾಗಿ ಏನು ಏರ್ಪಾಡಿದೆ, ಯಾವ ದಿನ, ಎಲ್ಲಿ ಎಂದು ಬರವಣಿಗೆಯಲ್ಲಿ ಕೇಳಬೇಕು. ತಾಲೂಕು ಪಂಚಾಯತಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ, ಗ್ರಾಮ ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇರುತ್ತಾರೆ. ಇವರು ನಮ್ಮಂತೆಯೇ ಊರಿನವರು. ಇವರ ಪರಿಚಯ ಮಾಡಿಕೊಂಡರೆ ಅರ್ಧ ಓಡಾಟ ತಪ್ಪುತ್ತದೆ.

ನಾಲ್ಕನೆಯದಾಗಿ, ಕಾಗದಪತ್ರ. ವಿಶಿಷ್ಟ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡ್ ದೇಶದಾದ್ಯಂತ ಮಾನ್ಯ. ಮಿರಜ್‌ಗೆ ಹೋದರೂ ಅದು ನಿಮ್ಮದೇ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗಾಗಿ ಇರುವುದರಿಂದ ವಾರದ ಥೆರಪಿಗೆ ಅದನ್ನೇ ನಂಬುವಂತಿಲ್ಲ. ಆದರೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯವುಳ್ಳವರಿಗಾಗಿ ‘ನಿರಾಮಯ’ ಎಂಬ ವಿಮೆಯಿದೆ. ಒಂದು ಲಕ್ಷ ರೂಪಾಯಿವರೆಗಿನ ಈ ವಿಮೆಯಲ್ಲಿ ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಥೆರಪಿಗೂ ನಿಗದಿತ ಮಿತಿಯೊಳಗೆ ಅವಕಾಶವಿದೆ. ಪಡಿತರ ಚೀಟಿಯ ಒಂದು ಅಕ್ಷರ ತಪ್ಪಿದರೆ ವಾರಗಟ್ಟಲೆ ಅಲೆಯುವ ನಾವು ಈ ವಿಮೆಯ ಹೆಸರನ್ನೂ ಕೇಳಿರುವುದಿಲ್ಲ.

ಐದನೆಯದಾಗಿ, ದೂರದ ಪ್ರಯಾಣ ಅನಿವಾರ್ಯವಾದರೆ ಅದನ್ನು ಪೂರ್ತಿಯಾಗಿ ಬಳಸಿಕೊಳ್ಳಬೇಕು. ಬೆಳಗಾವಿಯಾಗಲಿ, ಮಿರಜ್ ಅಥವಾ ಮಣಿಪಾಲವಾಗಲಿ, ಹೊರಡುವ ಮುನ್ನ ಫೋನಿನಲ್ಲಿ ತಜ್ಞರಿರುವ ದಿನವನ್ನು ಖಚಿತಪಡಿಸಿಕೊಳ್ಳಿ. ಮಗು ಮನೆಯಲ್ಲಿ ಊಟ ಮಾಡುವ, ಆಡುವ, ಬರೆಯುವ ಸಣ್ಣ ವೀಡಿಯೊಗಳನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ಹಿರಿಯರ ವಿಷಯದಲ್ಲಿ ಮಂಚದ ಎತ್ತರ, ಬಚ್ಚಲಿನ ಬಾಗಿಲಿನ ಅಗಲ, ಶೌಚಾಲಯದ ಚಿತ್ರ ನಿಮ್ಮ ಬಳಿ ಇರಲಿ. ಮುಂದಿನ ಒಂದು ತಿಂಗಳು ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸಗಳನ್ನು ಕೈಯಾರೆ ಮಾಡಿ ತೋರಿಸಲು ಕೇಳಿ, ಅನುಮತಿ ಪಡೆದು ಅದನ್ನು ಚಿತ್ರೀಕರಿಸಿ. ನಡುನಡುವೆ ವೀಡಿಯೊ ಕರೆಯಲ್ಲಿ ನೋಡಬಹುದೇ ಎಂದು ವಿಚಾರಿಸಿ. ತಿಂಗಳಿಗೊಮ್ಮೆ ಹೋಗಿ ಬಂದರೂ ಮನೆಯಲ್ಲಿ ಪ್ರತಿದಿನ ಅಭ್ಯಾಸ ನಡೆದರೆ ಅದಕ್ಕೆ ಫಲವುಂಟು.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಕೊರತೆಯಿರುವ ಕಡೆ ವ್ಯಾಪಾರ ನುಸುಳುತ್ತದೆ. ಇಂತಿಷ್ಟು ತಿಂಗಳಲ್ಲಿ ಆಟಿಸಂ ಗುಣಪಡಿಸುತ್ತೇವೆ, ಒಂದೇ ಇಂಜೆಕ್ಷನ್ನಿನಲ್ಲಿ ಲಕ್ವ ಬಿಡಿಸುತ್ತೇವೆ ಎನ್ನುವವರನ್ನು ನಂಬಬಾರದು. ನಿಜವಾದ ತಜ್ಞರು ಗುಣವಾಗುವ ವಾಗ್ದಾನ ಮಾಡುವುದಿಲ್ಲ. ಮೂರು ತಿಂಗಳಲ್ಲಿ ಮಗು ತಾನಾಗಿ ಲೋಟ ಹಿಡಿಯುವಂತೆ ಪ್ರಯತ್ನಿಸೋಣ ಎಂಬಂಥ ಸಣ್ಣ, ಅಳೆಯಬಹುದಾದ ಗುರಿಯನ್ನು ಇಡುತ್ತಾರೆ. ಪದವಿಯನ್ನು ಕೇಳಲು ಸಂಕೋಚ ಬೇಡ. ಆಕ್ಯುಪೇಶನಲ್ ಥೆರಪಿಯಲ್ಲೇ ಪದವಿ ಅಥವಾ ಸ್ನಾತಕೋತ್ತರ ಪದವಿ ಇರಬೇಕು. 2021ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯೊಂದು ಈ ವೃತ್ತಿಯೂ ಸೇರಿದಂತೆ ಆರೋಗ್ಯ ಸಂಬಂಧಿ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗ ಹಾಗೂ ರಾಜ್ಯ ಮಂಡಳಿಗಳನ್ನೂ, ನೋಂದಣಿಯ ಕ್ರಮವನ್ನೂ ವಿಧಿಸಿದೆ.

ಇಷ್ಟೆಲ್ಲ ಮಾಡಿದರೂ ಕುಟುಂಬದ ಪ್ರಯತ್ನಕ್ಕೆ ಮಿತಿಯಿದೆ. ಉಳಿದದ್ದು ಸರಕಾರದ ಹೊಣೆ. 2016ರ ಕಾಯ್ದೆಯ 25ನೆಯ ಕಲಮು ವಿಕಲಚೇತನರಿಗೆ, ಸರಕಾರ ಗೊತ್ತುಪಡಿಸುವ ಆದಾಯಮಿತಿಗೆ ಒಳಪಟ್ಟು, ಉಚಿತ ಆರೋಗ್ಯ ಸೇವೆ ಸಮೀಪದಲ್ಲೇ, ವಿಶೇಷವಾಗಿ ಗ್ರಾಮೀಣ ಪ್ರದೇಶದಲ್ಲಿ ದೊರೆಯಬೇಕೆನ್ನುತ್ತದೆ. ‘ಸಮೀಪ’ ಎಂಬುದು ನಮ್ಮ ಬೇಡಿಕೆಯ ಪದವಲ್ಲ, ಕಾನೂನಿನದೇ ಪದ. ಆದರೆ ಯೋಜನೆಗಳು ಜಿಲ್ಲೆಗೊಂದು ಕೇಂದ್ರ ಎಂಬ ಲೆಕ್ಕದಲ್ಲಿ ರೂಪುಗೊಳ್ಳುತ್ತವೆ. ಜಿಲ್ಲೆ ಸಣ್ಣದಿದ್ದರೂ ಒಂದು, ದೊಡ್ಡದಿದ್ದರೂ ಒಂದು. 2011ರಲ್ಲಿಯೇ 47.79 ಲಕ್ಷ ಜನಸಂಖ್ಯೆಯಿದ್ದ, 13 ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿ ಹಬ್ಬಿರುವ ಬೆಳಗಾವಿಯಂಥ ಜಿಲ್ಲೆಗೆ ಈ ಲೆಕ್ಕ ಅನ್ಯಾಯವೇ ಸರಿ. ಶಿಕ್ಷಣ ಇಲಾಖೆ ಚಿಕ್ಕೋಡಿಯನ್ನು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯೆಂದು ಗುರುತಿಸಿದೆ. ಪರೀಕ್ಷೆಗೆ ಬೇರೆ ಜಿಲ್ಲೆಯಾಗಬಹುದಾದರೆ ಪುನರ್ವಸತಿ ಸೇವೆಗೇಕೆ ಆಗಬಾರದು?

ಚಿಕ್ಕೋಡಿಯನ್ನು ಪೂರ್ಣ ಪ್ರಮಾಣದ ಜಿಲ್ಲೆಯಾಗಿಸಬೇಕೆಂಬ ಕೂಗು ದಶಕಗಳಷ್ಟು ಹಳೆಯದು. ಬೆಳಗಾವಿಯ ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಅಧಿವೇಶನ ಬಂದಾಗಲೆಲ್ಲ ಗಡಿ, ಭಾಷೆ ಮತ್ತು ಜಿಲ್ಲಾ ವಿಭಜನೆಯ ಮಾತು ಕಾವೇರುತ್ತದೆ. ಜಿಲ್ಲೆಯಾಗುವ ದಿನದವರೆಗೆ ನಾಲ್ಕು ವರ್ಷದ ಮಗು ಬೆಳೆಯದೆ ಕಾಯುವುದಿಲ್ಲ. ಆದ್ದರಿಂದ ನಮ್ಮದು ಸರಳವಾದ ಒಂದು ಸಲಹೆ. ತಾಲೂಕುಗಳು ಐದು. ವಾರದಲ್ಲಿ ಕೆಲಸದ ದಿನಗಳು ಕನಿಷ್ಠ ಐದು. ಒಬ್ಬರೇ ಒಬ್ಬ ಆಕ್ಯುಪೇಶನಲ್ ಥೆರಪಿಸ್ಟ್‌ರನ್ನು ನೇಮಿಸಿ, ವಾರಕ್ಕೊಂದು ನಿಗದಿತ ದಿನ ಒಂದೊಂದು ತಾಲೂಕಿನ ಸರಕಾರಿ ಆಸ್ಪತ್ರೆಯಲ್ಲಿ ಕೂರಿಸಿದರೆ ಸಾಕು. ಕಳೆದ ದಶಕದ ಕೊನೆಯಲ್ಲಿ ಹೊಸ ತಾಲೂಕುಗಳಾದ ನಿಪ್ಪಾಣಿ ಮತ್ತು ಕಾಗವಾಡಗಳಿಗೂ ಇದರಲ್ಲಿ ಸಮಪಾಲು ಸಿಗುತ್ತದೆ. ಆ ದಿನ ಸಂತೆಯ ದಿನವೇ ಆದರೆ ಹಳ್ಳಿಯವರಿಗೆ ಇನ್ನೂ ಅನುಕೂಲ. ಇದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಯಂತ್ರ ಬೇಡ, ಶಿಲಾನ್ಯಾಸವೂ ಬೇಡ. ಬಹುಶಃ ಶಿಲಾನ್ಯಾಸಕ್ಕೆ ಅವಕಾಶವಿಲ್ಲದಿರುವುದೇ ಇದು ಈವರೆಗೆ ಯಾರ ಕಣ್ಣಿಗೂ ಬೀಳದಿರಲು ಕಾರಣವಿರಬಹುದು!

ಸರಕಾರವನ್ನು ಪ್ರಶ್ನಿಸಿದಷ್ಟೇ ಪ್ರಾಮಾಣಿಕತೆಯಿಂದ ನಮ್ಮನ್ನೂ ನಾವು ಪ್ರಶ್ನಿಸಿಕೊಳ್ಳಬೇಕಾಗಿದೆ. ನಮ್ಮ ಪಟ್ಟಣಗಳ ಜಮಾಅತ್‌ಗಳು ಕಟ್ಟಿಸಿದ ಶಾದಿ ಮಹಲ್‌ಗಳು ಮದುವೆಯಿಲ್ಲದ ದಿನಗಳಲ್ಲಿ ಬೀಗ ಹಾಕಿಕೊಂಡಿರುತ್ತವೆ. ವಾರದಲ್ಲಿ ಒಂದು ದಿನ, ಒಂದು ಕೋಣೆಯನ್ನು ಜಾತಿ–ಧರ್ಮದ ಭೇದವಿಲ್ಲದೆ ಎಲ್ಲ ಮಕ್ಕಳಿಗಾಗಿ ತೆರೆದಿಟ್ಟು, ಮಿರಜ್ ಅಥವಾ ಬೆಳಗಾವಿಯಿಂದ ಬರುವ ತಜ್ಞರ ಪ್ರಯಾಣ ವೆಚ್ಚವನ್ನು ಹಂಚಿಕೊಂಡರೆ ಹತ್ತಿಪ್ಪತ್ತು ತಾಯಂದಿರ ಪ್ರಯಾಣ ತಪ್ಪುತ್ತದೆ. ಹತ್ತು ಕುಟುಂಬ ಹೊರಹೋಗುವುದಕ್ಕಿಂತ ಒಬ್ಬ ತಜ್ಞರು ಒಳಬರುವುದು ಸುಲಭವಲ್ಲವೇ?

ಇನ್ನು ಶಿಕ್ಷಣ. ಮಕ್ಕಳು ಓದಬೇಕೆಂದರೆ ನಮಗೆ ತೋಚುವುದು ಡಾಕ್ಟರ್ ಮತ್ತು ಇಂಜಿನಿಯರ್ ಮಾತ್ರ. ವೈದ್ಯಕೀಯ ಸೀಟು ಸಿಗದಿದ್ದರೆ ಬಾಳೇ ಮುಗಿಯಿತೆಂಬ ನಿರಾಶೆ. ಪಿಯುಸಿಯಲ್ಲಿ ವಿಜ್ಞಾನ ಓದಿದ ವಿದ್ಯಾರ್ಥಿಗಳು ಸೇರಬಹುದಾದ, ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆಯಿಂದ ಐದು ವರ್ಷಗಳ ಈ ಪದವಿಯ ಬಗ್ಗೆ ನಮ್ಮ ಮಾರ್ಗದರ್ಶನ ಶಿಬಿರಗಳಲ್ಲಿ ಯಾರೂ ಹೇಳುವುದಿಲ್ಲ. ಐದು ತಾಲೂಕುಗಳ ಜಮಾಅತ್‌ಗಳು ಮತ್ತು ಉಳ್ಳವರು ಒಟ್ಟಾಗಿ ವರ್ಷಕ್ಕೆ ಒಬ್ಬ ಬಡ ವಿದ್ಯಾರ್ಥಿನಿಯ ಶುಲ್ಕವನ್ನು ವಹಿಸಿಕೊಂಡರೂ ಒಂದು ದಶಕದಲ್ಲಿ ಚಿತ್ರವೇ ಬದಲಾದೀತು. ಉರ್ದು, ಕನ್ನಡ, ಮರಾಠಿ ಮೂರನ್ನೂ ಮನೆಯಲ್ಲೂ ಬೀದಿಯಲ್ಲೂ ಕಲಿತು ಬೆಳೆದ ಇಲ್ಲಿನ ಹೆಣ್ಣುಮಗಳಿಗಿಂತ ಈ ಕೆಲಸಕ್ಕೆ ಯೋಗ್ಯರು ಬೇರೆ ಯಾರಿದ್ದಾರೆ?

ಕೊನೆಯದಾಗಿ, ನಮ್ಮ ಮನೋಭಾವ. ಮಗುವಿನ ಕೊರತೆಯನ್ನು ‘ತಕ್ದೀರ್’ ಎಂದು ಹೇಳಿ ಕೈಬಿಡುವುದು ವಿಧಿಯಲ್ಲಿನ ವಿಶ್ವಾಸವಲ್ಲ, ಹೊಣೆಯಿಂದ ನುಣುಚಿಕೊಳ್ಳುವಿಕೆ. ಪ್ರಾರ್ಥನೆ ಮತ್ತು ಚಿಕಿತ್ಸೆ ಒಂದಕ್ಕೊಂದು ವಿರುದ್ಧವಲ್ಲ. ಮದೀನಾದಲ್ಲಿ ಅಝಾನ್ ಕೊಡುವ ಹೊಣೆ ಪಡೆದಿದ್ದ ಹಝ್ರತ್ ಅಬ್ದುಲ್ಲಾ ಇಬ್ನ್ ಉಮ್ಮಿ ಮಕ್ತೂಮ್(ರ) ಅಂಧರಾಗಿದ್ದರು. ಅವರನ್ನು ಮನೆಯ ಮೂಲೆಯಲ್ಲಿ ಕೂರಿಸಿರಲಿಲ್ಲ. ನಿಲ್ಲಲಾಗದವರು ಕುಳಿತು, ಕೂರಲಾಗದವರು ಮಲಗಿ ನಮಾಝ್ ನಿರ್ವಹಿಸುವ ರಿಯಾಯಿತಿ ನಮಗೆ ತಿಳಿದಿದೆ. ಹಾಗಿದ್ದರೂ ನಮ್ಮ ಎಷ್ಟು ಮಸೀದಿಗಳಲ್ಲಿ ಗಾಲಿಕುರ್ಚಿ ಏರುವ ಇಳಿಜಾರಿದೆ? ಒಂದೇ ಕೈಯಿಂದ ವುಝೂ ಮಾಡಬೇಕಾದವರಿಗೆ ಅನುಕೂಲವಾದ ಎತ್ತರದ ನಲ್ಲಿ, ಹಿಡಿದು ನಿಲ್ಲಲು ಒಂದು ಸರಳು ಎಷ್ಟು ಕಡೆ ಇವೆ? ಲಕ್ವ ಹೊಡೆದ ಹಿರಿಯರೊಬ್ಬರು ತಮ್ಮ ಕೈಯಾರೆ ವುಝೂ ಮಾಡಿ, ತಾವಾಗಿಯೇ ಮಸೀದಿಯ ಸಾಲಿಗೆ ಮರಳುವುದು ಕೂಡ ಈ ಚಿಕಿತ್ಸೆಯ ಗುರಿಯೇ. ಅದಕ್ಕಾಗಿ ಥೆರಪಿಸ್ಟ್ ಅರ್ಧ ದಾರಿ ಕರೆತರಬಹುದು. ಉಳಿದರ್ಧ ದಾರಿಯಲ್ಲಿ ಮೆಟ್ಟಿಲುಗಳನ್ನು ಕಟ್ಟಿಟ್ಟವರು ನಾವು.

ಆದ್ದರಿಂದ ಈ ಲೇಖನವನ್ನು ಓದಿದವರಲ್ಲಿ ನಮ್ಮದೊಂದು ವಿನಂತಿ. ಈ ಶುಕ್ರವಾರ ನಿಮ್ಮ ಮೊಹಲ್ಲಾದಲ್ಲಿ ಇಂಥ ಎಷ್ಟು ಮಕ್ಕಳು, ಎಷ್ಟು ಹಿರಿಯರು ಇದ್ದಾರೆಂಬ ಒಂದು ಪಟ್ಟಿಯನ್ನು ಮಾಡಿ. ಪಟ್ಟಿಯಲ್ಲಿ ನೆರೆಹೊರೆಯ ಎಲ್ಲ ಧರ್ಮದವರ ಮನೆಗಳೂ ಇರಲಿ. ಮನೆಯವರ ಒಪ್ಪಿಗೆ ಪಡೆದು, ಅದನ್ನು ತಾಲೂಕು ಆರೋಗ್ಯಾಧಿಕಾರಿಗಳಿಗೂ, ಕ್ಷೇತ್ರದ ಶಾಸಕರಿಗೂ ಒಂದು ಮನವಿಯೊಂದಿಗೆ ತಲುಪಿಸಿ: ವಾರಕ್ಕೊಂದು ದಿನ, ನಮ್ಮ ತಾಲೂಕಿನಲ್ಲಿ, ಒಬ್ಬ ಆಕ್ಯುಪೇಶನಲ್ ಥೆರಪಿಸ್ಟ್. ಸ್ವೀಕೃತಿ ಪತ್ರವನ್ನು ಪಡೆಯಲು ಮರೆಯಬೇಡಿ. ಹೆಸರಿಟ್ಟು ಕೇಳದ ಸೇವೆಯನ್ನು ಯಾವ ಸರಕಾರವೂ ತಾನಾಗಿ ತಂದು ಮನೆಬಾಗಿಲಲ್ಲಿ ಇಟ್ಟದ್ದಿಲ್ಲ. ಮಂಚದ ಮೇಲಿರುವ ಆ ಹಿರಿಯರಿಗೂ, ಮೂಲೆಯಲ್ಲಿ ಕುಳಿತ ಆ ಮಗುವಿಗೂ ಕೇಳುವ ಶಕ್ತಿಯಿಲ್ಲ. ಅವರ ಪರವಾಗಿ ಕೇಳಬೇಕಾದವರು ನಾವೇ ತಾನೇ?